ಶಿವನ ಭಾಷೆ, ಶರಣರ ನಂಬಿಕೆ

'ವಚನ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಮಾತು ಎಂಬುದು ಒಂದು. ಕೊಟ್ಟ ಮಾತು, ಎಂದರೆ ಪ್ರತಿಜ್ಞೆ ಎಂಬುದು ಇನ್ನೊಂದು. ವಚನಪಾಲನೆ, ವಚನಭಂಗ, ವಚನಭ್ರಷ್ಟ ಎಂಬ ಸಮಾಸಗಳಲ್ಲಿ ಈ ಎರಡನೆಯ ಅರ್ಥವೇ ನೆಲೆಸಿದೆ. ಶಿವಶರಣರ ವಚನಗಳನ್ನು ಓದುವಾಗ ನಾವು ಮೊದಲನೆಯ ಅರ್ಥವನ್ನಷ್ಟೇ ಹಿಡಿದು ನಡೆಯುವುದು ವಾಡಿಕೆ. ಎರಡನೆಯದನ್ನೂ ಮನಸ್ಸಿನಲ್ಲಿಟ್ಟುಕೊಂಡು ಶರಣಸಾಹಿತ್ಯವನ್ನು ಪರಿಶೀಲಿಸಿದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಈ ಸಾಹಿತ್ಯದಲ್ಲಿ ಶಿವನು ತನ್ನ ಭಕ್ತನಿಗೆ ಏನೆಂದು ಮಾತು ಕೊಟ್ಟಿದ್ದಾನೆ? ಕೊಟ್ಟ ಮಾತನ್ನು ಯಾವ ಬಗೆಯಲ್ಲಿ ನಡೆಸಿಕೊಡುತ್ತಾನೆ?

ಇದು ಕೇವಲ ಪಾಂಡಿತ್ಯದ ಕುತೂಹಲದಿಂದ ಹುಟ್ಟಿದ ಪ್ರಶ್ನೆಯಲ್ಲ. ಶ್ರಾವಣಮಾಸದ ಪುರಾಣ ಪ್ರವಚನಗಳಲ್ಲಿ ನಾವು ಮೇಲಿಂದ ಮೇಲೆ ಕೇಳುವ ಮಾತೊಂದುಂಟು: ನಂಬಿದವರನ್ನು ಶಿವನು ಎಂದೂ ಕೈಬಿಡುವುದಿಲ್ಲ, ಅವರಿಗೆ ಯಾವ ಕೇಡೂ ತಟ್ಟದು ಎಂದು. ಮಾತಿನ ಮೊದಲರ್ಧವನ್ನು ಒಪ್ಪದ ಭಕ್ತನಿಲ್ಲ. ಉತ್ತರಾರ್ಧದಲ್ಲಿ ಮಾತ್ರ ಒಂದು ತೊಡಕಿದೆ. ಕೇಡು ತಟ್ಟದೆಂಬುದೇ ಶಿವನು ಕೊಟ್ಟ ಭಾಷೆಯಾದರೆ, ಕೇಡು ತಟ್ಟಿದವನ ನಂಬಿಕೆಯಲ್ಲಿಯೇ ಕೊರತೆಯಿತ್ತೆಂದು ಹೇಳಬೇಕಾಗುತ್ತದೆ. ಮನೆಯಲ್ಲಿ ಅಕಾಲದ ಸಾವು ಸಂಭವಿಸಿದಾಗ ಹಾಗೆ ಹೇಳುವವರೂ ಇದ್ದಾರೆ. ಅಂಥ ಸಮಾಧಾನವನ್ನು ಈ ಲೇಖಕನೂ ಒಮ್ಮೆ ಕೇಳಿದವನೇ. ಹೇಳಿದವರ ಸದುದ್ದೇಶದಲ್ಲಿ ಅನುಮಾನವಿಲ್ಲ. ಆದರೆ ಅದು ಶರಣರ ನಿಲುವೇ ಎಂಬ ಅನುಮಾನ ಅಂದಿನಿಂದ ಉಳಿದುಬಂದಿದೆ. ಅದನ್ನು ಕಾವ್ಯಗಳ ಆಧಾರದಿಂದಲೇ ಪರೀಕ್ಷಿಸಿ ನೋಡುವುದು ಪ್ರಸ್ತುತ ಬರಹದ ಉದ್ದೇಶ.

ಮೊದಲಿಗೆ ಹಿನ್ನೆಲೆಯನ್ನು ಕುರಿತು ಎರಡು ಮಾತು. ಹಳಗನ್ನಡದಲ್ಲಿ 'ಭಾಷೆ' ಎಂದರೆ ಪ್ರತಿಜ್ಞೆ. ನಮ್ಮ ನಾಡಿನ ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ಕಟ್ಟುಪಾಡುಗಳ ಪ್ರಸ್ತಾಪ ಬರುತ್ತದೆ. ಒಡೆಯನ ಅನ್ನವನ್ನು ಉಂಡ ಋಣಕ್ಕಾಗಿ ಯುದ್ಧದಲ್ಲಿ ಹೋರಾಡಿ ಮಡಿಯುವುದು ಜೋಳವಾಳಿ. ಒಡೆಯನು ಅಳಿದ ವೇಳೆಯಲ್ಲಿ ತಾನೂ ಅಳಿಯುವೆನೆಂದು ಮುನ್ನವೇ ಭಾಷೆ ತೊಟ್ಟು ಅದರಂತೆ ನಡೆಯುವುದು ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಗಂಬವು ಇಮ್ಮಡಿ ಬಲ್ಲಾಳನೊಡನೆ ಪ್ರಾಣವನ್ನೊಪ್ಪಿಸಿದ ಕುವರಲಕ್ಷ್ಮನ ಇಂಥ ನಿಷ್ಠೆಗೆ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಡಾ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ.

ಈ ಕಟ್ಟುಪಾಡುಗಳಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಭಾಷೆಯ ಭಾರವೆಲ್ಲ ಆಳಿನ ಮೇಲೆಯೇ ಬೀಳುವುದು. ಆಳು ಪ್ರಾಣವನ್ನು ಕೊಡುತ್ತಾನೆ. ಒಡೆಯನು ಕೊಡುವುದು ಅನ್ನ, ಮನ್ನಣೆ, ಸತ್ತಮೇಲೊಂದು ಕಲ್ಲು. ಬಸವಣ್ಣನವರು ಈ ಲೋಕದ ನುಡಿಗಟ್ಟನ್ನು ಚೆನ್ನಾಗಿ ಬಲ್ಲವರು, ಬಿಜ್ಜಳನ ಓಲಗದಲ್ಲಿದ್ದವರು. ಆದುದರಿಂದಲೇ ಆಳು, ಒಡೆಯ, ಲೆಂಕ, ಭೃತ್ಯ ಎಂಬ ಮಾತುಗಳು ಅವರ ವಚನಗಳಲ್ಲಿ ಸಹಜವಾಗಿ ಬಂದಿವೆ. ಒಂದು ವಚನದಲ್ಲಂತೂ ಅವರು ಮೇಲೆ ಹೇಳಿದ ಎರಡು ಕಟ್ಟುಪಾಡುಗಳನ್ನೂ ಹೆಸರಿಸಿ, ಮೊದಲನೆಯದನ್ನು ನಿರಾಕರಿಸಿ, ಎರಡನೆಯದನ್ನು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಈ ಆಯ್ಕೆ ಆಕಸ್ಮಿಕವಲ್ಲ. ಜೋಳವಾಳಿಯಲ್ಲಿ ಕೊಟ್ಟುದಕ್ಕೆ ಪ್ರತಿಯಾಗಿ ಕೊಡುವ ಲೆಕ್ಕವಿದೆ. ವೇಳೆವಾಳಿಯಲ್ಲಿರುವುದು ಕೂಡಿರುವ ಹಂಬಲ. ಶಿವನ ಸಂಬಂಧವನ್ನು ಬಸವಣ್ಣನವರು ಯಾವ ಮಾದರಿಯಲ್ಲಿ ಕಂಡರೆಂಬುದಕ್ಕೆ ಇದೊಂದು ಸ್ಪಷ್ಟ ಸೂಚನೆ.

ಇನ್ನು ಒಡೆಯನ ಕಡೆಯ ಭಾಷೆ. ವಚನಗಳಲ್ಲಿ ಮಾತನಾಡುವವನು ಭಕ್ತ, ಶಿವನು ಕೇಳುವವನು. ಅಂಕಿತದಲ್ಲಿ ಅವನ ಹೆಸರು ಬರುತ್ತದೆ, ಅವನ ಉತ್ತರ ಬರುವುದಿಲ್ಲ. ಶಿವನ ಬಾಯಿಂದಲೇ ಮಾತನ್ನು ಕೇಳಬೇಕಾದರೆ ನಾವು ಹರಿಹರನ ರಗಳೆಗಳಿಗೆ ಹೋಗಬೇಕು. ಬಸವಣ್ಣನವರ ಚರಿತೆಯನ್ನು ಕಾವ್ಯವಾಗಿಸಿದ ಕನ್ನಡ ಕವಿಗಳಲ್ಲಿ ಅವರ ಕಾಲಕ್ಕೆ ಅತ್ಯಂತ ಸಮೀಪದವನು ಅವನೇ.

'ಬಸವರಾಜದೇವರ ರಗಳೆ'ಯ ಕಥೆ ಕೈಲಾಸದಲ್ಲಿ ಆರಂಭವಾಗುತ್ತದೆ. ವೃಷಭಮುಖನೆಂಬ ಗಣೇಶ್ವರನು ಶಿವಪ್ರಸಾದವನ್ನು ಗಣಗಳಿಗೆಲ್ಲ ಹಂಚುವಾಗ ಷಣ್ಮುಖನೊಬ್ಬನನ್ನು ಬಿಡುತ್ತಾನೆ. ಎಲ್ಲರಿಗೂ ಸಂದಿತೆಂದು ಶಿವನ ಮುಂದೆ ಹೇಳಿಬಿಡುತ್ತಾನೆ. ಈ ಒಂದು ತಪ್ಪಿನಿಂದಾಗಿ ಅವನು ಭೂಲೋಕದಲ್ಲಿ ಬಸವನಾಗಿ ಜನಿಸಬೇಕಾಗುತ್ತದೆ. ಕವಿ ಆರಿಸಿಕೊಂಡ ತಪ್ಪು ಎಂಥದೆಂಬುದನ್ನು ಗಮನಿಸಬೇಕು. ಅದು ಮಾತಿನ ತಪ್ಪು. ನುಡಿದುದಕ್ಕೂ ನಡೆದುದಕ್ಕೂ ಕೂದಲೆಳೆಯಷ್ಟು ಅಂತರವುಂಟಾಯಿತು, ಅಷ್ಟೇ. ನುಡಿ ನಡೆಗಳ ಏಕತೆಯನ್ನು ಜೀವನದ ಒರೆಗಲ್ಲಾಗಿಸಿಕೊಂಡ ಮಹಾಪುರುಷನ ಅವತಾರಕ್ಕೆ ಇಂಥ ಕಾರಣವನ್ನು ಕೊಟ್ಟದ್ದರಲ್ಲಿ ಹರಿಹರನ ಔಚಿತ್ಯಪ್ರಜ್ಞೆ ಎದ್ದು ಕಾಣುತ್ತದೆ.

ಮುಂದೆ ಕಪ್ಪಡಿಸಂಗಮದ ಪ್ರಸಂಗ. ಉಪನಯನದ ಕಟ್ಟನ್ನು ಹರಿದೊಗೆದು ಬಂದ ಬಸವನು ಸಂಗಮನಾಥನ ಪೂಜೆಯಲ್ಲಿ ತನ್ನನ್ನು ತಾನು ಮರೆತಿದ್ದಾನೆ. ಆಗ ಸಂಗಮನಾಥನೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡುತ್ತಾನೆ. ಬಸವನ ಎದೆಯೊಡೆಯುತ್ತದೆ. ಆಶ್ರಯವೆಂದು ನಂಬಿ ಬಂದ ದೈವವೇ ಹೊರಗಟ್ಟುವುದಾದರೆ ಇನ್ನಾರಿಗೆ ಮೊರೆಯಿಡುವುದು? ಹರಿಹರನ ಗದ್ಯ ಇಲ್ಲಿ ಕಣ್ಣೀರಿನ ವೇಗದಲ್ಲಿ ಹರಿಯುತ್ತದೆ. ಕೊನೆಗೆ ಸಂಗಮನಾಥನು ಅವನನ್ನು ಸಂತೈಸುತ್ತಾನೆ. ನಂದಿಯ ಮುಖದಿಂದ ಲಿಂಗರೂಪದಲ್ಲಿ ತಾನು ಬರುವುದಾಗಿ ಭಾಷೆ ಕೊಡುತ್ತಾನೆ. ಮರುದಿನ ಹಾಗೆಯೇ ಆಗುತ್ತದೆ. ಕಲ್ಲಿನ ವೃಷಭನ ಬಾಯಿಂದ ಇಷ್ಟಲಿಂಗವು ಹೊರಟು ಬಸವನ ಕರಸ್ಥಲಕ್ಕೆ ಬರುತ್ತದೆ.

ಈ ಪ್ರಸಂಗವನ್ನು ಪವಾಡವೆಂದು ಕೈಮುಗಿದು ಮುಂದೆ ಸಾಗುವವರೇ ಬಹಳ. ಕಾವ್ಯದೃಷ್ಟಿಯಿಂದ ನೋಡಿದರೆ ಇಲ್ಲಿ ಎರಡು ಅಂಶಗಳು ನಮ್ಮ ಲಕ್ಷ್ಯವನ್ನು ಸೆಳೆಯುತ್ತವೆ. ಕೈಲಾಸದಲ್ಲಿ ಮಾತು ತಪ್ಪಿದ್ದು ವೃಷಭಮುಖನ ಬಾಯಿ. ಸಂಗಮದಲ್ಲಿ ಶಿವನ ಮಾತು ಸತ್ಯವಾಗಿ ಹೊರಬರುವುದೂ ವೃಷಭನ ಬಾಯಿಂದಲೇ. ತಪ್ಪಿದ ಸ್ಥಾನದಲ್ಲಿಯೇ ಶಿವನು ತನ್ನ ನಿಷ್ಠೆಯನ್ನು ಸ್ಥಾಪಿಸಿದನೆಂದು ಹೇಳಬಹುದು. ಕವಿ ಇದನ್ನು ಬಿಡಿಸಿ ಹೇಳಿಲ್ಲ. ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಓದುಗನಿಗೆ ಅದು ಹೊಳೆಯದೆ ಇರದು.

ಎರಡನೆಯ ಅಂಶವೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಶಿವನು ಕೊಟ್ಟ ಭಾಷೆಯ ಒಡಲಲ್ಲಿ ಏನಿದೆ? ಬಿಜ್ಜಳನಿಂದ ನಿನಗೆ ತೊಂದರೆಯಾಗದು ಎಂಬುದು ಅದರ ತಿರುಳಲ್ಲ. ನಿನ್ನ ಕಾರ್ಯವೆಲ್ಲ ನಿರ್ವಿಘ್ನವಾಗಿ ಸಾಗುವುದು ಎಂಬುದೂ ಅಲ್ಲ. ಬಸವನು ಅತ್ತದ್ದು ಅಗಲಿಕೆಗೆ. ಶಿವನು ಅಭಯವಿತ್ತದ್ದೂ ಅಗಲಿಕೆಯ ವಿಷಯದಲ್ಲಿಯೇ. ನಾನು ನಿನ್ನೊಡನೆ ಬರುತ್ತೇನೆ ಎಂಬುದೇ ಆ ಭಾಷೆಯ ಸಾರ. ಸಂಗಮದಲ್ಲಿ ನೆಲೆನಿಂತ ಸ್ಥಾವರಲಿಂಗವು ಮಂಗಳವಾಡಕ್ಕೆ ನಡೆದು ಹೋಗಲಾರದು. ಆದುದರಿಂದ ಅದು ಅಂಗೈಗೆ ಬಂದಿತು. ಇಷ್ಟಲಿಂಗವನ್ನು ಪೂಜಾವಸ್ತುವೆಂದು ಮಾತ್ರ ಭಾವಿಸುವವರಿಗೆ ಹರಿಹರನು ಇನ್ನೊಂದು ಅರ್ಥವನ್ನು ತೋರಿಸಿಕೊಟ್ಟಿದ್ದಾನೆ: ಅದು ಶಿವನು ನಡೆಸಿಕೊಟ್ಟ ಭಾಷೆಯ ಕುರುಹು. ಲಿಂಗವನ್ನು ಧರಿಸಿದವನು ಆ ಭಾಷೆಯನ್ನೇ ಎದೆಯ ಮೇಲೆ ಹೊತ್ತಿರುತ್ತಾನೆ.

ಇದೇ ಪ್ರಮೇಯಕ್ಕೆ ಅಕ್ಕಮಹಾದೇವಿಯ ಚರಿತ್ರೆ ಬೇರೊಂದು ದಿಕ್ಕಿನಿಂದ ಬೆಳಕು ಚೆಲ್ಲುತ್ತದೆ. 'ಮಹಾದೇವಿಯಕ್ಕನ ರಗಳೆ'ಯಲ್ಲಿ ಹರಿಹರನು ಹೇಳುವ ಕಥೆ ಎಲ್ಲರಿಗೂ ತಿಳಿದದ್ದೇ. ಭವಿಯಾದ ಕೌಶಿಕನನ್ನು ವರಿಸಬೇಕಾಗಿ ಬಂದಾಗ ಅಕ್ಕ ಷರತ್ತುಗಳನ್ನೊಡ್ಡುತ್ತಾಳೆ. ತನ್ನ ಇಚ್ಛೆಯಂತೆ ಶಿವಪೂಜೆಯಲ್ಲಿ, ತನ್ನ ಇಚ್ಛೆಯಂತೆ ಮಾಹೇಶ್ವರರ ಗೋಷ್ಠಿಯಲ್ಲಿ, ತನ್ನ ಇಚ್ಛೆಯಂತೆ ಗುರುಸೇವೆಯಲ್ಲಿ ಇರುವೆನೆಂದೂ, ಮೂರು ತಪ್ಪುಗಳವರೆಗೆ ಸೈರಿಸುವೆನೆಂದೂ ಹೇಳುತ್ತಾಳೆ. ಕೌಶಿಕನು ಒಪ್ಪುತ್ತಾನೆ. ಒಪ್ಪಿದ ಮಾತನ್ನು ಮೂರು ಬಾರಿಯೂ ಮುರಿಯುತ್ತಾನೆ. ಅಕ್ಕ ಎಲ್ಲವನ್ನೂ ತೊರೆದು ಶ್ರೀಶೈಲದ ಹಾದಿ ಹಿಡಿಯುತ್ತಾಳೆ.

ಕೌಶಿಕನೊಡನೆ ಒಪ್ಪಂದವಿತ್ತು, ಸಾಕ್ಷಿಗಳಿದ್ದರು, ತಪ್ಪುಗಳ ಲೆಕ್ಕವಿತ್ತು. ಆದರೂ ಮಾತು ಉಳಿಯಲಿಲ್ಲ. ಚೆನ್ನಮಲ್ಲಿಕಾರ್ಜುನನೊಡನೆ ಯಾವ ಕರಾರೂ ಇಲ್ಲ; ಅಕ್ಕ ಅಲ್ಲಿ ಒಂದು ಷರತ್ತನ್ನೂ ಒಡ್ಡಿದವಳಲ್ಲ. ಕರಾರು ಬೇಕಾಗುವುದು ಬದಲಾಗುವ ಮನಸ್ಸಿನೊಡನೆ. ಅಳಿವು, ಕೇಡು, ರೂಪಾಂತರಗಳಿಲ್ಲದವನನ್ನು ಪತಿಯೆಂದು ವರಿಸಿದವಳಿಗೆ ಅವನ ಸ್ವಭಾವವೇ ಭಾಷೆ. ಶಿವನು ಮಾತಿಗೆ ತಪ್ಪುವುದಿಲ್ಲ ಎಂಬುದರ ತಾತ್ತ್ವಿಕ ಆಧಾರ ಇಲ್ಲಿದೆ. ಮಾತು ತಪ್ಪಬೇಕಾದರೆ ಮೊದಲು ತಾನು ಬೇರೆಯಾಗಬೇಕು. ನಿರ್ವಿಕಾರನಿಗೆ ಅದು ಸಾಧ್ಯವಿಲ್ಲ.

ಹಾಗಾದರೆ ಅಕ್ಕ ತನ್ನ ಪತಿಯಿಂದ ಏನನ್ನು ನಿರೀಕ್ಷಿಸಿದಳು? ಕದಳಿಯ ಕಡೆಗೆ ನಡೆಯುವ ದಾರಿಯ ಬದುಕನ್ನು ಹೇಳುವ ಅವಳ ಪ್ರಸಿದ್ಧ ವಚನವೊಂದಿದೆ. ಅದರಲ್ಲಿ ಹಸಿವಿಗೆ ಊರವರ ಭಿಕ್ಷೆಯನ್ನೂ, ಬಾಯಾರಿಕೆಗೆ ಕೆರೆಬಾವಿಗಳನ್ನೂ, ಮಲಗಲು ಪಾಳುಬಿದ್ದ ಗುಡಿಗಳನ್ನೂ ಅವಳು ಎಣಿಸುತ್ತಾಳೆ. ಇವುಗಳಲ್ಲಿ ಒಂದನ್ನೂ ಚೆನ್ನಮಲ್ಲಿಕಾರ್ಜುನನ ಲೆಕ್ಕಕ್ಕೆ ಬರೆದಿಲ್ಲ. ಅವನ ಪಾಲಿಗೆ ಅವಳು ಬಿಟ್ಟದ್ದು ಒಂದನ್ನೇ: ಆತ್ಮಕ್ಕೆ ಜೊತೆಯಾಗಿರುವುದನ್ನು. ಹಸಿವೆಯೇ ಆಗದೆಂದು ಅವಳು ಹೇಳಲಿಲ್ಲ. ಗುಡಿಯ ಸೂರು ಸೋರದೆಂದೂ ಹೇಳಲಿಲ್ಲ. ಸಂಗಮನಾಥನು ಬಸವನಿಗೆ ಕೊಟ್ಟ ಭಾಷೆಗೂ ಅಕ್ಕನ ಈ ನಿರೀಕ್ಷೆಗೂ ಎಷ್ಟು ಸಾಮ್ಯವಿದೆಯೆಂಬುದು ವಿಚಾರಾರ್ಹ.

ಪುರಾತನರ ಚರಿತ್ರೆಗಳಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನ ದೊರೆಯುತ್ತದೆ. ಹರಿಹರನು ಬಹು ಪ್ರೀತಿಯಿಂದ ಹಾಡಿದ ನಂಬಿಯಣ್ಣನು ತಮಿಳುನಾಡಿನ ಸುಂದರಮೂರ್ತಿ ನಾಯನಾರನೇ. 12ನೆಯ ಶತಮಾನದಲ್ಲಿ ಸೇಕ್ಕಿಳಾರನು ರಚಿಸಿದ 'ಪೆರಿಯಪುರಾಣ'ದಂತೆ, ತಿರುವೊಟ್ರಿಯೂರಿನಲ್ಲಿ ಸಂಗಿಲಿಯನ್ನು ವರಿಸುವಾಗ ಅವನು ಅವಳನ್ನು ಬಿಟ್ಟು ಹೋಗುವುದಿಲ್ಲವೆಂದು ಆಣೆಯಿಟ್ಟನು. ತಿರುವಾರೂರಿನ ನೆನಪು ಬಂದೊಡನೆ ಆ ಆಣೆಯನ್ನು ಮುರಿದು ಹೊರಟನು. ಊರಿನ ಎಲ್ಲೆಯನ್ನು ದಾಟುತ್ತಲೇ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಶಿವನ ಗೆಳೆಯನೆಂದು ಖ್ಯಾತನಾದವನಿಗೂ ಮಾತಿಗೆ ತಪ್ಪಿದುದಕ್ಕೆ ಕ್ಷಮೆಯಿರಲಿಲ್ಲ. ಮುಂದೆ ದಾರಿಯಲ್ಲಿ ತಿರುವೆಣ್ಪಾಕ್ಕದ ಗುಡಿಯ ಮುಂದೆ ನಿಂತು, ಸ್ವಾಮಿ, ನೀನಿಲ್ಲಿರುವೆಯಾ ಎಂದು ಕುರುಡನಾದ ನಂಬಿ ಕೇಳುತ್ತಾನೆ. ತಾನಿರುವುದನ್ನಷ್ಟೇ ತಿಳಿಸಿ, ನಡೆಯೆಂದು ಹೇಳಿ, ಶಿವನು ಅವನ ಕೈಗೊಂದು ಊರುಗೋಲನ್ನು ಕೊಡುತ್ತಾನೆ. ಒಂದು ಕಣ್ಣು ಬಂದದ್ದು ಕಂಚಿಯಲ್ಲಿ, ಇನ್ನೊಂದು ಬಂದದ್ದು ತಿರುವಾರೂರಿನಲ್ಲಿ. ಮನುಷ್ಯನು ಮಾತಿಗೆ ತಪ್ಪಿದ ಮೇಲೂ ಶಿವನು ಇರುವಿಕೆಯನ್ನು ತಪ್ಪಿಸಲಿಲ್ಲ. ಆದರೆ ದಾರಿಯನ್ನು ನಡೆಯುವುದು ಮಾತ್ರ ತಪ್ಪಲಿಲ್ಲ. ಕಣ್ಣಿಗಿಂತ ಮೊದಲು ಕೋಲು ಬಂದಿತೆಂಬ ಈ ಕ್ರಮದಲ್ಲಿ ದೊಡ್ಡ ಅನುಭಾವವಡಗಿದೆ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳನ್ನು ಎದುರಿಸಬೇಕಾಗುತ್ತದೆ. ರಗಳೆಗಳಲ್ಲಿ ಭಕ್ತರ ಕಷ್ಟವೆಲ್ಲ ಕೊನೆಗೆ ಪರಿಹಾರವಾಗುವುದಿಲ್ಲವೆ, ಸಿರಿಯಾಳ ಚಂಗಳೆಯರಿಗೆ ಮಗನು ಮರಳಿ ಬರಲಿಲ್ಲವೆ ಎಂಬುದು ಮೊದಲನೆಯದು. ಬಂದದ್ದು ನಿಜ. ಆದರೆ ಆ ದಂಪತಿಗಳು ಮಗನನ್ನು ಅರ್ಪಿಸುವಾಗ ಅವನು ಮರಳುವನೆಂಬ ಭಾಷೆ ಅವರಿಗಿರಲಿಲ್ಲ. ಇದ್ದಿದ್ದರೆ ಅದು ಅರ್ಪಣೆಯಾಗದೆ ವ್ಯಾಪಾರವಾಗುತ್ತಿತ್ತು. ಇಲ್ಲಿ ಹರಿಹರನ ಮೇಲೂ ಒಂದು ಮಾತು ಹೇಳಬೇಕಾಗಿದೆ. ಕೈಲಾಸದಿಂದ ಹೊರಟು ಪುಷ್ಪಕವನ್ನೇರಿ ಕೈಲಾಸಕ್ಕೆ ಮರಳುವ ಚೌಕಟ್ಟು ಅವನಿಗೆ ಬಹಳ ಪ್ರಿಯ. ಆ ಚೌಕಟ್ಟು ಮಾತು ನಡೆಸಿಕೊಡುವ ಶಿವನ ನಿಷ್ಠೆಯ ರೂಪಕವೇ ಸರಿ. ಆದರೆ ಕವಿಯ ಭಕ್ತ್ಯಾವೇಶದಲ್ಲಿ ಪುಷ್ಪಕವು ಕೆಲವೆಡೆ ತೀರ ಬೇಗನೆ ಇಳಿದುಬರುತ್ತದೆ. ಕಷ್ಟದ ಕಹಿಯನ್ನು ಓದುಗನು ಪೂರ್ತಿ ಉಣ್ಣುವ ಮೊದಲೇ ಸಿಹಿಯನ್ನು ಬಡಿಸಿದಂತಾಗುತ್ತದೆ. ನಂಬಿಕೆಯೆಂದರೆ ಫಲದ ಖಾತರಿ ಎಂಬ ಜನಪ್ರಿಯ ಕಲ್ಪನೆಗೆ ಈ ಅವಸರವೂ ಸ್ವಲ್ಪಮಟ್ಟಿಗೆ ಕಾರಣವಾಗಿರಬಹುದು. ಮಹಾಕವಿಯ ಬಗ್ಗೆ ಇದನ್ನು ಹೇಳುವಾಗ ಗೌರವಕ್ಕೆ ಕೊರತೆಯಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. 1167ರ ಸುಮಾರಿನಲ್ಲಿ ಕಲ್ಯಾಣದಲ್ಲಿ ನಡೆದುದೇನು? ಹರಳಯ್ಯ ಮಧುವರಸರು ಕ್ರೂರಶಿಕ್ಷೆಗೆ ಗುರಿಯಾದರು, ಶರಣರು ದಿಕ್ಕಾಪಾಲಾದರು, ಚೆನ್ನಬಸವಣ್ಣನವರೊಡನೆ ಹಲವರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಕೇಡು ತಟ್ಟದೆಂಬುದೇ ಶಿವನ ಭಾಷೆಯಾಗಿದ್ದರೆ ಅದು ಕಲ್ಯಾಣದಲ್ಲಿ ಮುರಿದುಬಿತ್ತೆಂದು ಒಪ್ಪಬೇಕು. ಇಲ್ಲವೆ ಹರಳಯ್ಯನವರ ನಂಬಿಕೆಯಲ್ಲಿ ಕೊರತೆಯಿತ್ತೆನ್ನಬೇಕು. ಎರಡನ್ನೂ ಯಾವ ಶರಣಧರ್ಮೀಯನೂ ಒಪ್ಪಲಾರನು. ಹರಿಹರನ ರಗಳೆಯಲ್ಲಿ ನಮಗೆ ದೊರೆತಿರುವುದು 13 ಸ್ಥಲಗಳು ಮಾತ್ರ. ಬಸವಣ್ಣನವರ ಕೊನೆಯ ದಿನಗಳನ್ನು ಅವನು ಹೇಗೆ ಹಾಡಿದನೆಂಬುದನ್ನು ಕಾಣುವ ಭಾಗ್ಯ ನಮಗಿಲ್ಲ. ನಮಗೆ ಅತ್ಯಂತ ಬೇಕಾದ ಭಾಗವೇ ಕೈತಪ್ಪಿಹೋಗಿದೆ.

ಆದರೆ ಬಸವಣ್ಣನವರ ವಚನಗಳು ಕೈತಪ್ಪಿಲ್ಲ. ಬರಲಿರುವ ಆಪತ್ತನ್ನು ಮುಂದೂಡೆಂದು ಬೇಡದೆ, ಅದನ್ನು ಮುಂಗಡವಾಗಿಯೇ ಬರಮಾಡಿಕೊಳ್ಳುವ ಎದೆಗಾರಿಕೆಯ ವಚನ ಅವರದು. ಶಿವನೊಲಿದರೆ ಒಣಗಿದ ಮರ ಚಿಗುರುವುದನ್ನೂ, ಗೊಡ್ಡು ಹಸು ಹಾಲು ಕರೆಯುವುದನ್ನೂ ಹೇಳುವ ವಚನವೂ ಅವರದೇ. ಫಲದ ಖಾತರಿಯನ್ನು ಬೋಧಿಸುವವರು ಎರಡನೆಯದನ್ನು ಮೇಲಿಂದ ಮೇಲೆ ಉದ್ಧರಿಸುತ್ತಾರೆ. ಅದರ ವಾಕ್ಯರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲಿ 'ಒಲಿದರೆ' ಎಂಬ ಕ್ರಿಯೆಯ ಕರ್ತೃ ಶಿವ. ಭಕ್ತನು ಇಷ್ಟು ನಂಬಿದರೆ ಇಷ್ಟು ಫಲ ಎಂಬ ಅಳತೆ ಅಲ್ಲೆಲ್ಲಿಯೂ ಇಲ್ಲ. ಸಮಸ್ತವೂ ಅವನ ಒಲುಮೆಗೆ ಸೇರಿದ್ದೆಂಬ ಶರಣಾಗತಿಯೇ ಆ ವಚನದ ಜೀವಾಳ. ಮೊದಲನೆಯ ವಚನದೊಡನೆ ಇಟ್ಟು ಓದಿದಾಗ ಎರಡೂ ಒಂದೇ ನಂಬಿಕೆಯ ಎರಡು ಮುಖಗಳೆಂದು ವಿಶದವಾಗುತ್ತದೆ.

ಇನ್ನೂ ಒಂದು ವಿಶೇಷವುಂಟು. ಬಸವಣ್ಣನವರು ಸಂಶಯಪಡುವುದಿಲ್ಲವೆಂದಲ್ಲ. ಅವರ ವಚನಗಳ ಬಹುದೊಡ್ಡ ಭಾಗ ಭಕ್ತಸ್ಥಲದಲ್ಲಿ ಸಂಕಲಿತವಾಗಿದ್ದು, ಅಲ್ಲಿ ಸಂಶಯದ ಧ್ವನಿ ಎಡೆಬಿಡದೆ ಕೇಳಿಬರುತ್ತದೆ. ಆದರೆ ಅದು ತಿರುಗಿರುವುದು ತಮ್ಮ ಕಡೆಗೆ. ತಮ್ಮ ಭಕ್ತಿ ಒಳಗೊಂದು ಹೊರಗೊಂದು ಆಗಿದೆಯೇ, ತಮ್ಮ ನುಡಿ ನಡೆಗೆ ಸಲ್ಲುತ್ತಿದೆಯೇ ಎಂಬುದೇ ಅವರ ಕೊರಗು. ಕಷ್ಟದಲ್ಲಿ ಬಿದ್ದ ಮತ್ತೊಬ್ಬರ ನಂಬಿಕೆಯನ್ನು ತೂಗುವ ತಕ್ಕಡಿ ಅವರ ಕೈಯಲ್ಲಿಲ್ಲ. ಆತ್ಮಪರೀಕ್ಷೆಗಾಗಿ ಶರಣರು ಹರಿತಗೊಳಿಸಿದ ಆಯುಧವನ್ನು ಪರಪರೀಕ್ಷೆಗೆ ಬಳಸುವುದು ಅವರಿಗೆ ಮಾಡುವ ಅಪಚಾರ.

ಷಟ್‌ಸ್ಥಲದ ಕ್ರಮವೂ ಇದನ್ನೇ ಸಮರ್ಥಿಸುತ್ತದೆ. ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಶ್ರದ್ಧೆಯು ನಿಷ್ಠೆಯಾಗಿ ಬಲಿಯುವುದು ಪರೀಕ್ಷೆಯ ಕಾಲದಲ್ಲಿ. ಬಂದುದೆಲ್ಲವನ್ನೂ, ಸುಖವಾಗಲಿ ದುಃಖವಾಗಲಿ, ಎಚ್ಚರದಿಂದ ಪ್ರಸಾದವೆಂದು ಸ್ವೀಕರಿಸುವುದು ಅದರ ಮುಂದಿನ ಮೆಟ್ಟಿಲು. ಕೇಡೇ ಇಲ್ಲದ ಬದುಕು ಶಿವನ ಭಾಷೆಯಾಗಿದ್ದರೆ ಈ ಮೆಟ್ಟಿಲುಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಕಡೆಯದಾದ ಐಕ್ಯಸ್ಥಲದ ಸಮರಸದಲ್ಲಿ ಭಾಷೆ ಕೊಡುವವನು, ಕೊಳ್ಳುವವನು ಎಂಬ ಇಬ್ಬರೇ ಉಳಿಯುವುದಿಲ್ಲ. ಅಲ್ಲಮಪ್ರಭುದೇವರು ಕೊಡುಕೊಳ್ಳುವ ಭಕ್ತಿಯನ್ನು ಅಷ್ಟು ನಿಷ್ಠುರವಾಗಿ ಒರೆಗೆ ಹಚ್ಚುವುದು ಈ ನೆಲೆಯಲ್ಲಿ ನಿಂತೇ.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 'ಹರಿಶ್ಚಂದ್ರಕಾವ್ಯ'ದಲ್ಲಿ ಶಿವನಿಗೂ ಸತ್ಯಕ್ಕೂ ಅಭೇದವನ್ನು ಸಾರಿದ್ದಾನೆ. ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡ ಹರಿಶ್ಚಂದ್ರನು ಮಾತನ್ನು ಉಳಿಸಿಕೊಂಡನು. ಶಿವನೇ ಸತ್ಯವಾದರೆ, ಮಾತನ್ನು ಉಳಿಸಿಕೊಂಡವನೊಡನೆ ಸುಡುಗಾಡಿನಲ್ಲಿಯೂ ಶಿವನಿದ್ದನೆಂದೇ ಅರ್ಥ. ಕಾವ್ಯದ ಕೊನೆಗೆ ಅವನು ಪ್ರತ್ಯಕ್ಷನಾದದ್ದು ಹೊಸದಾಗಿ ಬಂದದ್ದಲ್ಲ, ಇದ್ದವನು ಕಾಣಿಸಿಕೊಂಡದ್ದು.

ಕಲ್ಯಾಣದಿಂದ ಹೊರಟ ಬಸವಣ್ಣನವರು ಸಂಗಮಕ್ಕೇ ಮರಳಿ ಐಕ್ಯರಾದರೆಂಬುದು ನಮ್ಮ ಪರಂಪರೆಯ ನಂಬುಗೆ. ಅಗಲಲಾರೆನೆಂದು ಅತ್ತ ಸ್ಥಳವೂ ಒಂದಾದ ಸ್ಥಳವೂ ಒಂದೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಅಲ್ಲಿ ತುಂಬಿದ ಮೇಲೆ, ಸುತ್ತ ಕಟ್ಟಿದ ಬಾವಿಯಂಥ ಗೋಡೆಯ ಒಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ಐಕ್ಯಮಂಟಪ ಉಳಿದುಕೊಂಡಿದೆ. ಮೆಟ್ಟಿಲುಗಳನ್ನಿಳಿದು ಅಲ್ಲಿಗೆ ಹೋಗುವ ಯಾತ್ರಿಕನ ಸುತ್ತಲೂ ನೀರಿರುತ್ತದೆ. ನೀರು ಏರದೆಂದು ಸಂಗಮನಾಥನು ಯಾರಿಗೂ ಹೇಳಿರಲಿಲ್ಲ. ಜೊತೆಗಿರುವೆನೆಂದು ಮಾತ್ರ ಹೇಳಿದ್ದನು.

ಆದುದರಿಂದ ದುಃಖದಲ್ಲಿರುವವರ ಮನೆಗೆ ಹೋದಾಗ ಅವರ ನಂಬಿಕೆಯ ಆಳವನ್ನು ಅಳೆಯುವ ಕೆಲಸವನ್ನು ನಾವು ಬಿಡೋಣ. ಅವರ ಬಳಿ ಸ್ವಲ್ಪಹೊತ್ತು ಕುಳಿತಿರೋಣ. ಶಿವನು ತನ್ನ ಭಾಷೆಯನ್ನು ನಡೆಸುವುದು ಅನೇಕ ವೇಳೆ ಜಂಗಮದ ಮುಖಾಂತರವೇ ಅಲ್ಲವೆ?